‘ಸ್ಟ್ರೆಸ್’ ಶಬ್ದದ ಅರ್ಥಸಂಕ್ರಮಣ

ಆಂಗ್ಲಭಾಷೆಯ ‘ಸ್ಟ್ರೆಸ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಒತ್ತಡ’ ಎಂದು ಹೇಳುವ ರೂಢಿ ಬಲವಾಗಿ ಬೇರೂರಿದೆ. ವಾಯುವಿನ ಒತ್ತಡ, ರಕ್ತದ ಒತ್ತಡ ಎಂಬಲ್ಲಿಯೂ ಇದೇ ಶಬ್ದವುಂಟು. ಆದರೆ ಅಲ್ಲಿ ಮೂಲದಲ್ಲಿರುವುದು ‘ಪ್ರೆಶರ್’ ಎಂಬ ಬೇರೆ ಪದ. ಎರಡು ಪದಗಳು ಒಂದರಲ್ಲಿ ಅಡಗಿರುವುದು ಮೊದಲನೆಯ ತೊಡಕು. ಮೂಲಶಬ್ದವೇ ಶಾಸ್ತ್ರದಿಂದ ಶಾಸ್ತ್ರಕ್ಕೆ ಸಾಗುತ್ತ ಅರ್ಥವನ್ನು ತಿರುವುಮುರುವು ಮಾಡಿಕೊಂಡಿರುವುದು ಅದಕ್ಕಿಂತ ದೊಡ್ಡ ತೊಡಕು. ಈ ಚರಿತ್ರೆಯನ್ನರಿಯದೆ ಪರಿಭಾಷೆಯನ್ನು ಕಟ್ಟಹೊರಟರೆ ಕಾರ್ಯವನ್ನೇ ಕಾರಣವೆಂದು ಕರೆದಂತಾಗುವುದು.

ಲ್ಯಾಟಿನ್ ಭಾಷೆಯ ‘ಸ್ಟ್ರಿಂಗೆರೆ’ ಎಂಬ ಕ್ರಿಯಾಪದಕ್ಕೆ ಬಿಗಿಯಾಗಿ ಎಳೆಯುವುದು, ಬಿಗಿದು ಕಟ್ಟುವುದು ಎಂದರ್ಥ. ಇದರಿಂದ ಹುಟ್ಟಿದ ರೂಪಗಳು ಪ್ರಾಚೀನ ಫ್ರೆಂಚಿನ ಮೂಲಕ ಆಂಗ್ಲಭಾಷೆಯನ್ನು ಹೊಕ್ಕು, 14ನೆಯ ಶತಮಾನದ ವೇಳೆಗೆ ‘ಸ್ಟ್ರೆಸ್’ ಎಂಬುದು ಕಷ್ಟ, ಸಂಕಟ ಎಂಬ ಲೋಕರೂಢಿಯ ಅರ್ಥದಲ್ಲಿ ನಿಂತಿತು. ಶಾಸ್ತ್ರಾರ್ಥವು ಬಂದುದು ಬಹುಕಾಲದ ಮೇಲೆ. 1678ರಲ್ಲಿ ರಾಬರ್ಟ್ ಹುಕ್ ಎಂಬಾತನು ತಂತಿಸುರುಳಿಯ ಹಿಗ್ಗುವಿಕೆಯು ಅದನ್ನೆಳೆಯುವ ಬಲಕ್ಕೆ ಅನುಗುಣವಾಗಿರುವುದೆಂಬ ನಿಯಮವನ್ನು ಪ್ರಕಟಿಸಿದನಾದರೂ ಆತನಿಗೆ ಈ ಪರಿಭಾಷೆಯು ಇರಲಿಲ್ಲ. 1822ರಲ್ಲಿ ಫ್ರೆಂಚ್ ಗಣಿತಜ್ಞನಾದ ಕೋಶಿಯು, ಘನವಸ್ತುವಿನೊಳಗೆ ಒಂದು ಸಮತಲವನ್ನು ಕಲ್ಪಿಸಿಕೊಂಡು, ಅದರ ಎರಡು ಪಕ್ಕದ ಭಾಗಗಳು ಒಂದರ ಮೇಲೊಂದು ತೋರುವ ಬಲವನ್ನು ಕ್ಷೇತ್ರಮಾನದಿಂದ ಅಳೆಯುವ ಕ್ರಮವನ್ನು ನಿರೂಪಿಸಿದನು. ಇದಕ್ಕೆ ‘ಸ್ಟ್ರೆಸ್’ ಎಂದೂ, ಇದರೊಡನೆ ಕಾಣುವ ಆಕಾರವಿಕಾರಕ್ಕೆ ‘ಸ್ಟ್ರೇನ್’ ಎಂದೂ ಹೆಸರುಗಳು ನೆಲೆಗೊಂಡುದು 1855–56ರ ಸುಮಾರಿನಲ್ಲಿ, ಗ್ಲಾಸ್ಗೋ ನಗರದ ರ‍್ಯಾಂಕಿನ್ ಮತ್ತು ವಿಲಿಯಂ ಥಾಮ್ಸನ್ ಎಂಬ ವಿದ್ವಾಂಸರ ಬರಹಗಳಲ್ಲಿ. ಹೊರಗಿನ ಹೊರೆ ಬೇರೆ, ಒಳಗಿನ ಬಲ ಬೇರೆ, ವಿಕಾರ ಬೇರೆ ಎಂಬ ವಿವೇಕವು ಇಲ್ಲಿ ನಿಚ್ಚಳವಾಗಿದೆ.

ಈ ವಿವೇಕವು ವೈದ್ಯಶಾಸ್ತ್ರದಲ್ಲಿ ಉಳಿಯಲಿಲ್ಲ. ಅಮೆರಿಕದ ಶರೀರಶಾಸ್ತ್ರಜ್ಞನಾದ ವಾಲ್ಟರ್ ಕ್ಯಾನನ್ ಎಂಬಾತನು 1935ರ ಲೇಖನವೊಂದರ ಶಿರೋನಾಮದಲ್ಲಿಯೇ ಈ ಎರಡು ಪದಗಳನ್ನೂ ಜೊತೆಯಾಗಿಟ್ಟನು. ಮರುವರ್ಷ ಮಾಂಟ್ರಿಯಲ್ಲಿನಲ್ಲಿದ್ದ ಹಾನ್ಸ್ ಸೆಲ್ಯೆ ಎಂಬಾತನು ‘ನೇಚರ್’ ಪತ್ರಿಕೆಗೆ ಕಿರುಲೇಖನವೊಂದನ್ನು ಬರೆದನು. ಚಳಿ, ಶಸ್ತ್ರದ ಗಾಯ, ಅತಿಶ್ರಮ, ವಿಷದ್ರವ್ಯ—ಯಾವುದಕ್ಕೆ ಗುರಿಮಾಡಿದರೂ ಇಲಿಗಳ ದೇಹದಲ್ಲಿ ಥೈಮಸ್ ಗ್ರಂಥಿಯ ಕುಗ್ಗುವಿಕೆ, ಅನ್ನನಾಳದ ಮುಂದಿನ ಭಾಗಗಳಲ್ಲಿ ಹುಣ್ಣು, ಅಡ್ರಿನಲ್ ಗ್ರಂಥಿಗಳಲ್ಲಿ ವ್ಯತ್ಯಾಸ ಮೊದಲಾದ ಒಂದೇ ಬಗೆಯ ಲಕ್ಷಣಗಳು ತೋರುವುವೆಂಬುದು ಅದರ ಸಾರ. ಅದರ ಶಿರೋನಾಮದಲ್ಲಿ ‘ಸ್ಟ್ರೆಸ್’ ಎಂಬುದಿಲ್ಲ. ಮುಂದೆ ಆತನು ದೇಹದ ಈ ಪ್ರತಿಕ್ರಿಯೆಗೇ ಆ ಹೆಸರನ್ನಿಟ್ಟನು. ಯಂತ್ರಶಾಸ್ತ್ರದ ಮರ್ಯಾದೆಯಂತೆ ಅದು ‘ಸ್ಟ್ರೇನ್’ ಆಗಬೇಕಾಗಿತ್ತು. ಆಗ ತನಗೆ ಆಂಗ್ಲಭಾಷೆಯ ಪರಿಚಯವು ಸಾಲದಿದ್ದಿತೆಂದು ಆತನೇ ಆಮೇಲೆ ಒಪ್ಪಿಕೊಂಡಿರುವುದು ಶ್ಲಾಘ್ಯ. ಆದರೆ ಆ ವೇಳೆಗೆ ಶಬ್ದವು ಕೈಮೀರಿ ಹೋಗಿತ್ತು. ಕಾರಣವನ್ನು ಹೇಳಲು ‘ಸ್ಟ್ರೆಸ್ಸರ್’ ಎಂಬ ಹೊಸ ಪದವನ್ನು ಸೃಷ್ಟಿಸಬೇಕಾಯಿತು. ಸಸ್ಯಶಾಸ್ತ್ರದಲ್ಲಿ ಮಾತ್ರ ಜೇಕಬ್ ಲೆವಿಟ್ ಎಂಬಾತನು 1972ರ ಗ್ರಂಥದಲ್ಲಿ ಬರ, ಹಿಮ ಮೊದಲಾದ ಹೊರಗಿನ ಬಾಧಕಗಳಿಗೆ ‘ಸ್ಟ್ರೆಸ್’ ಎಂದೂ ಗಿಡದಲ್ಲಾಗುವ ವಿಕಾರಕ್ಕೆ ‘ಸ್ಟ್ರೇನ್’ ಎಂದೂ ಹೇಳಿ, ಕಾರ್ಯಕಾರಣಗಳನ್ನು ಮತ್ತೆ ಬಿಡಿಸಿಟ್ಟನು.

ಧ್ವನಿಶಾಸ್ತ್ರದಲ್ಲಿ ಇದೇ ಶಬ್ದಕ್ಕೆ ಅಕ್ಷರವನ್ನು ಒತ್ತಿ ನುಡಿಯುವುದೆಂದರ್ಥ. ಪಾಣಿನಿಯ ಉದಾತ್ತವನ್ನು ಇದರಿಂದ ವಿವರಿಸುವವರುಂಟು. ಉದಾತ್ತವು ಸ್ವರದ ಏರಿಕೆಯೇ ಹೊರತು ಬಲವಲ್ಲವಾದುದರಿಂದ ಅದು ಸರಿಯಲ್ಲ.

ಜಡಕ್ಕೂ ಚೇತನಕ್ಕೂ ಒಂದೇ ಹೆಸರು ಸಲ್ಲುವುದು ದೋಷವೇ ಎಂದರೆ, ಹಾಗೇನೂ ಇಲ್ಲ. ನ್ಯಾಯವೈಶೇಷಿಕರ ‘ಸಂಸ್ಕಾರ’ವನ್ನು ನೋಡಬೇಕು. ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಅದು ಮೂರು ವಿಧ. ಸ್ಮೃತಿಗೆ ಕಾರಣವಾದ ಭಾವನೆಯು ಆತ್ಮನಲ್ಲಿ ಮಾತ್ರ ಇರುವುದು. ಬಗ್ಗಿಸಿದ ವಸ್ತುವನ್ನು ಮರಳಿ ಮೊದಲಿನ ಸ್ಥಿತಿಗೆ ತರುವ ಸ್ಥಿತಿಸ್ಥಾಪಕಕ್ಕೆ ಅನ್ನಂಭಟ್ಟನು ಚಾಪೆ ಮೊದಲಾದ ಪಾರ್ಥಿವವಸ್ತುಗಳನ್ನು ಆಶ್ರಯವಾಗಿ ಹೇಳುವನು. ಹೆಸರು ಒಂದಾದರೂ ಆಶ್ರಯಭೇದವನ್ನು ಲಕ್ಷಣದಲ್ಲಿಯೇ ಕಟ್ಟಿಟ್ಟಿರುವುದರಿಂದ ವಿದ್ಯಾರ್ಥಿಯು ಎಡವುವುದಿಲ್ಲ. ‘ಸ್ಟ್ರೆಸ್’ ಶಬ್ದಕ್ಕೆ ಇಂಥ ಕಾವಲು ದೊರೆಯಲಿಲ್ಲ.

ಕನ್ನಡಕ್ಕೆ ಯಂತ್ರಶಾಸ್ತ್ರದ ಅರ್ಥದಲ್ಲಿ ‘ಪೀಡನ’ವೂ ವಿಕಾರಕ್ಕೆ ‘ವಿಕೃತಿ’ಯೂ ಯುಕ್ತವಾಗಿ ತೋರುತ್ತವೆ, ‘ಒತ್ತಡ’ವನ್ನು ‘ಪ್ರೆಶರ್’ ಎಂಬುದಕ್ಕೆ ಬಿಟ್ಟುಕೊಡಬಹುದು. ಪೀಡನವೆಂದರೆ ನೋವಲ್ಲವೇ ಎಂದು ಆಕ್ಷೇಪಿಸುವವರಿಗೆ, ಕೈಹಿಡಿಯುವ ವಿವಾಹಕ್ಕೂ ‘ಪಾಣಿಪೀಡನ’ವೆಂದೇ ಹೆಸರಿರುವುದನ್ನು ನೆನಪಿಸಿದರೆ ಸಾಕು.