ಹೆಬ್ಬಾಗಿಲು ಮತ್ತು ಒಳಬಾಗಿಲು

ಗಣಿತವೆಂದರೆ ಕಬ್ಬಿಣದ ಕಡಲೆ ಎಂಬ ಮಾತು ಕೇಳದ ಮನೆ ನಮ್ಮ ಊರುಗಳಲ್ಲಿ ಇರಲಿಕ್ಕಿಲ್ಲ. ಅದರಲ್ಲೂ ಬೀಜಗಣಿತವೆಂದರೆ ಹೆಣ್ಣುಮಕ್ಕಳು ಮೈಲಿ ದೂರ ಓಡುತ್ತಾರೆಂದು ಗಂಡಸರು ಹೇಳುತ್ತಾರೆ, ನಾವೂ ನಂಬಿಬಿಟ್ಟಿದ್ದೇವೆ. ನಾನು ಗಣಿತದ ಟೀಚರಲ್ಲ. ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಚರಿತ್ರೆ, ಪೌರನೀತಿ ಪಾಠ ಹೇಳುತ್ತಲೇ ತಲೆ ಬೆಳ್ಳಗಾಗಿಸಿಕೊಂಡವಳು. ಚರಿತ್ರೆಯವರಿಗೆ ಒಂದು ಚಟವಿರುತ್ತದೆ. ಎಲ್ಲಾದರೂ ಒಂದು ಬಾಗಿಲು ಕಂಡರೆ ಅದನ್ನು ಇಟ್ಟವರು ಯಾರು, ಯಾರನ್ನು ಒಳಗೆ ಬಿಡಲು, ಯಾರನ್ನು ಹೊರಗೆ ನಿಲ್ಲಿಸಲು ಎಂದು ಕೇಳುತ್ತೇವೆ. ಅಮೆರಿಕದ ಕಮ್ಯುನಿಟಿ ಕಾಲೇಜಿನ ಬೀಜಗಣಿತದ ತರಗತಿಯ ಬಗ್ಗೆ ನನಗೆ ಹುಟ್ಟಿದ ಕುತೂಹಲ ಇಂಥದ್ದೇ.

ನನ್ನ ತಂಗಿ ದ್ವಿತೀಯ ಪಿ.ಯು.ಸಿ. ಓದುತ್ತಿರುವಾಗಲೇ ಮದುವೆಯಾದಳು. ಪರೀಕ್ಷೆಗೆ ಕೂರಲಿಲ್ಲ. ಗಂಡನ ಕೆಲಸದಿಂದಾಗಿ ಕ್ಯಾಲಿಫೋರ್ನಿಯಾ ಸೇರಿ, ಇಬ್ಬರು ಮಕ್ಕಳನ್ನು ಬೆಳೆಸಿ, 2014ರಲ್ಲಿ, ನಲವತ್ತು ದಾಟಿದ ಮೇಲೆ, ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೆಸರು ಬರೆಸಿದಳು. ಅವಳ ಆಸೆ ದೊಡ್ಡದೇನಲ್ಲ. ಶಿಶುವಿಹಾರದಲ್ಲಿ ಪುಟ್ಟ ಮಕ್ಕಳಿಗೆ ಕಲಿಸಬೇಕು, ಅದಕ್ಕೆ ಬೇಕಾದ ಎರಡು ವರ್ಷದ ಪದವಿ ಪಡೆಯಬೇಕು, ಅಷ್ಟೆ. ಆ ರಾಜ್ಯದ ಕಮ್ಯುನಿಟಿ ಕಾಲೇಜಿಗೆ ಪ್ರವೇಶ ಪರೀಕ್ಷೆಯಿಲ್ಲ. ಹದಿನೆಂಟು ತುಂಬಿದವರು, ಕಲಿಯಬಲ್ಲವರು, ಯಾರಾದರೂ ಸೇರಬಹುದು. 1984ರವರೆಗೆ ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ಆಮೇಲೆ ಯೂನಿಟ್ಟಿಗೆ ಐದು ಡಾಲರ್‌ನಿಂದ ಶುರುವಾಗಿ 2012ರಲ್ಲಿ 46 ಡಾಲರ್ ಆಯಿತು. ಅಲ್ಲಿಯ ಲೆಕ್ಕದಲ್ಲಿ ಇದು ಅಗ್ಗವೇ.

ಹೆಬ್ಬಾಗಿಲು ಹೀಗೆ ಹಾರುಹೊಡೆದಿತ್ತು. ಒಳಗೆ ಹೋದ ಮೇಲೆ ಕಂಡದ್ದು ಇನ್ನೊಂದು ಬಾಗಿಲು. ಕಂಪ್ಯೂಟರಿನ ಮುಂದೆ ಕೂರಿಸಿ ಗಣಿತದ ಮಟ್ಟ ಅಳೆಯುವ ಒಂದು ಪರೀಕ್ಷೆ ಕೊಟ್ಟರು. ಇಪ್ಪತ್ತೈದು ವರ್ಷ ಭಿನ್ನರಾಶಿಯನ್ನು ಮುಟ್ಟಿಯೂ ನೋಡದವಳ ಅಂಕ ಎಷ್ಟು ಬರಬೇಕೋ ಅಷ್ಟು ಬಂತು. ಬೀಜಗಣಿತಕ್ಕಿಂತ ಕೆಳಗಿನ ತರಗತಿ ಮೊದಲು, ಆಮೇಲೆ ಪ್ರಾರಂಭಿಕ ಬೀಜಗಣಿತ, ಆಮೇಲೆ ಮಧ್ಯಮ ಬೀಜಗಣಿತ. ಒಂದೊಂದಕ್ಕೂ ಒಂದೊಂದು ಸೆಮಿಸ್ಟರ್. ಮೊದಲ ಎರಡು ಪಾಸಾದರೂ ಪದವಿಯ ಗಣಿತದ ಷರತ್ತು ಪೂರೈಸಿದಂತಾಗುತ್ತಿರಲಿಲ್ಲ. ಮೊದಲು ಪ್ರಾರಂಭಿಕ ಬೀಜಗಣಿತವೇ ಸಾಕಾಗುತ್ತಿತ್ತಂತೆ. 2009ರಿಂದ ಆ ರಾಜ್ಯ ಷರತ್ತನ್ನು ಒಂದು ಮೆಟ್ಟಿಲು ಏರಿಸಿತ್ತು.

2015ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ತಂಗಿ ಪ್ರಾರಂಭಿಕ ಬೀಜಗಣಿತದಲ್ಲಿದ್ದಳು. ಪ್ರಾಧ್ಯಾಪಕರ ಅನುಮತಿ ಪಡೆದು ಒಂದು ಸಂಜೆ ಹಿಂದಿನ ಬೆಂಚಿನಲ್ಲಿ ಕುಳಿತೆ. ಮಗುವಿಗೆ ಹಾಲು ಕುಡಿಸಿ ಬಂದ ಮೆಕ್ಸಿಕೋ ಮೂಲದ ತಾಯಿ, ಯುದ್ಧದಿಂದ ಹಿಂದಿರುಗಿದ ಸೈನಿಕ, ಲಾರಿ ಓಡಿಸುವವನು, ನನಗಿಂತ ಹಿರಿಯಳಾದ ವಿಯೆಟ್ನಾಮಿನ ಅಜ್ಜಿ ಅಲ್ಲಿದ್ದರು. ‘ಒಂದು ಸಂಖ್ಯೆಯ ಎರಡರಷ್ಟಕ್ಕೆ ಐದು ಕೂಡಿಸಿದರೆ ಹದಿನೇಳು, ಆ ಸಂಖ್ಯೆ ಯಾವುದು?’ ಎಂಬುದು ಹಲಗೆಯ ಮೇಲಿದ್ದ ಲೆಕ್ಕ. ನಮ್ಮ ಎಂಟನೆಯ ತರಗತಿಯ ಮಕ್ಕಳು ಮಾಡುವಂಥದ್ದು. ಆದರೆ ದಿನವಿಡೀ ದುಡಿದು ಬಂದು, ರಾತ್ರಿ ಒಂಬತ್ತಕ್ಕೆ ಪೆನ್ಸಿಲ್ ಹಿಡಿದು ಅದನ್ನು ಬಿಡಿಸುವವರ ಮುಖ ಎಂಟನೆಯ ತರಗತಿಯ ಮಕ್ಕಳ ಮುಖವಲ್ಲ.

ಬೀಜಗಣಿತ ಹುಟ್ಟಿದ್ದು ಯಾರನ್ನೂ ತಡೆಯುವುದಕ್ಕಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಗೊತ್ತಿಲ್ಲದ ರಾಶಿಗಳನ್ನು ಬಣ್ಣಗಳ ಹೆಸರಿನಿಂದ ಗುರುತಿಸಿ ಲೆಕ್ಕ ಬಿಡಿಸುವ ಕ್ರಮವನ್ನು ಬರೆದಿಟ್ಟ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಲ್ಲಿದ್ದ ‘ಅಲ್-ಜಬ್ರ್’ ಎಂಬ ಪದವೇ ಆಲ್ಜೀಬ್ರಾ ಆಯಿತು. ಸತ್ತವರ ಆಸ್ತಿ ಹಂಚುವುದು, ಹೊಲ ಅಳೆಯುವುದು, ವ್ಯಾಪಾರದ ಲೆಕ್ಕ ಇವೆಲ್ಲ ಅವನ ಪುಸ್ತಕದಲ್ಲಿವೆ. ಅದೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ ಬರೆದವನು ಜೈನ ಪಂಡಿತ ಮಹಾವೀರಾಚಾರ್ಯ. ಅವನ ಲೆಕ್ಕಗಳಲ್ಲಿ ಹಣ್ಣಿನ ರಾಶಿಗಳಿವೆ, ಕಡಿದುಹೋದ ಮುತ್ತಿನ ಸರವಿದೆ. ಮನೆ, ಹೊಲ, ಅಂಗಡಿಯ ಬದುಕಿನೊಳಗಿನಿಂದಲೇ ಎದ್ದ ವಿದ್ಯೆ ಇದು.

ಹಾಗಾದರೆ ಇದು ದ್ವಾರಪಾಲಕನಾದದ್ದು ಯಾವಾಗ? ಅಮೆರಿಕದ ಮಟ್ಟಿಗೆ ಒಂದು ಇಸವಿ ಹೇಳಬಹುದು. 1820ರಲ್ಲಿ ಹಾರ್ವರ್ಡ್ ಕಾಲೇಜು ತನ್ನಲ್ಲಿ ಸೇರಬಯಸುವವರಿಗೆ ಬೀಜಗಣಿತ ಗೊತ್ತಿರಬೇಕೆಂದು ಷರತ್ತು ಹಾಕಿತು. ಆಮೇಲೆ ಬೇರೆ ಕಾಲೇಜುಗಳೂ ಅದೇ ಹಾದಿ ಹಿಡಿದವು. ಕಾಲೇಜು ಕೇಳುತ್ತದೆಂದು ಶಾಲೆಗಳು ಕಲಿಸತೊಡಗಿದವು. ಆಗ ಹಾರ್ವರ್ಡಿನ ಬಾಗಿಲಲ್ಲಿ ನಿಂತವರೆಲ್ಲ ಗಂಡುಹುಡುಗರೇ. ಹೆಣ್ಣುಮಕ್ಕಳು ಆ ಸಾಲಿನಲ್ಲಿ ನಿಲ್ಲುವಂತೆಯೇ ಇರಲಿಲ್ಲ.

ಇನ್ನು ಕಮ್ಯುನಿಟಿ ಕಾಲೇಜಿನ ಕಥೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿಯ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸೇರಿ ಹೈಸ್ಕೂಲಿಗೆ ಎರಡು ವರ್ಷದ ಕಾಲೇಜು ಪಾಠವನ್ನು ಜೋಡಿಸಿದರು. ಮೊದಲ ವರ್ಷ ಸೇರಿದವರು ಆರೇ ಮಂದಿ. ಮನೆ ಬಿಟ್ಟು ದೂರ ಹೋಗಲಾರದವರಿಗೆ ಊರಿನಲ್ಲೇ ಕಾಲೇಜು ಸಿಗಬೇಕೆಂಬುದು ಒಂದು ಉದ್ದೇಶ. ಹಾರ್ಪರ್ ಅವರಿಗೆ ಇನ್ನೊಂದು ಯೋಚನೆಯೂ ಇತ್ತು: ಮೊದಲ ಎರಡು ವರ್ಷದ ಗದ್ದಲ ಬೇರೆ ಕಡೆ ಮುಗಿದರೆ ವಿಶ್ವವಿದ್ಯಾಲಯ ಉನ್ನತ ವಿದ್ಯೆಗೇ ಮೀಸಲಾಗಬಹುದು. ಅಂದರೆ ಒಳಗೆ ಕರೆಯುವುದು, ಅಲ್ಲಲ್ಲೇ ನಿಲ್ಲಿಸುವುದು ಎರಡೂ ಈ ಸಂಸ್ಥೆಯ ಜೊತೆಯಲ್ಲೇ ಹುಟ್ಟಿದವು.

ಕ್ಯಾಲಿಫೋರ್ನಿಯಾ 1907ರಲ್ಲಿ ಇದಕ್ಕೆ ಕಾನೂನು ಮಾಡಿತು. 1910ರಲ್ಲಿ ಫ್ರೆಸ್ನೋದಲ್ಲಿ ಅಲ್ಲಿಯ ಮೊದಲ ಕಾಲೇಜು ತೆರೆಯಿತು. 1944ರ ಕಾಯಿದೆಯೊಂದು ಎರಡನೆಯ ಮಹಾಯುದ್ಧದ ಸೈನಿಕರಿಗೆ ಓದಿನ ಖರ್ಚು ಕೊಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ, ಪ್ರಜಾಪ್ರಭುತ್ವಕ್ಕೆ ಉನ್ನತ ಶಿಕ್ಷಣ ಎಲ್ಲರಿಗೂ ಬೇಕೆಂದು ಸಾರಿ, ಕಮ್ಯುನಿಟಿ ಕಾಲೇಜು ಎಂಬ ಹೆಸರನ್ನು ಜನಪ್ರಿಯಗೊಳಿಸಿತು. 1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಹಾಯೋಜನೆ ಮಾಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗ ದೊಡ್ಡ ವಿಶ್ವವಿದ್ಯಾಲಯಕ್ಕೆ, ಮೇಲಿನ ಮೂರನೆಯ ಒಂದು ಭಾಗ ರಾಜ್ಯ ಕಾಲೇಜುಗಳಿಗೆ, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜಿನ ಬಾಗಿಲು. ಆ ಒಂದು ದಶಕದಲ್ಲಿ ಅಮೆರಿಕದಲ್ಲಿ ಇಂಥ 450ಕ್ಕೂ ಹೆಚ್ಚು ಕಾಲೇಜುಗಳು ಎದ್ದವು. ಕಾಲಕ್ರಮದಲ್ಲಿ ಅವುಗಳ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರಾದರು.

ಅದೇ 1960ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಅಧ್ಯಯನ ಮಾಡಿ ಒಂದು ಕಹಿ ಸತ್ಯ ಹೇಳಿದರು. ಎಲ್ಲರನ್ನೂ ಒಳಗೆ ಬಿಡುವ ಕಾಲೇಜು ಯಾರಿಗೂ ‘ನೀನು ಬೇಡ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಪರೀಕ್ಷೆ, ಸಲಹೆ, ಕೆಳಮಟ್ಟದ ತರಗತಿಗಳ ಮೂಲಕ ಆಸೆಯನ್ನು ಮೆಲ್ಲಮೆಲ್ಲನೆ ಆರಿಸುತ್ತದೆ. ಕೊನೆಗೆ ವಿದ್ಯಾರ್ಥಿ ತನ್ನಿಂದ ತಾನೇ ಹಿಂದೆ ಸರಿಯುತ್ತಾನೆ, ತಪ್ಪು ತನ್ನದೇ ಎಂದುಕೊಂಡು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹೆಣ್ಣುಮಕ್ಕಳೇ. ‘ನನಗೆ ತಲೆಗೆ ಹತ್ತಲಿಲ್ಲ ಮಿಸ್, ಅದಕ್ಕೇ ಬಿಟ್ಟೆ’ ಎನ್ನುವವರನ್ನು ಎಷ್ಟು ಮಂದಿ ನೋಡಿಲ್ಲ!

ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ತರಗತಿಗಳ ಸಾಲಿನಲ್ಲಿ ನೂರು ಮಂದಿ ನಿಂತಿದ್ದಾರೆಂದು ಇಟ್ಟುಕೊಳ್ಳಿ. ಪ್ರತಿ ತರಗತಿಯಲ್ಲೂ ಹತ್ತಕ್ಕೆ ಏಳು ಮಂದಿ ದಾಟಿದರು. ನೂರು ಎಪ್ಪತ್ತಾಯಿತು, ಎಪ್ಪತ್ತು ನಲವತ್ತೊಂಬತ್ತಾಯಿತು, ಅದು ಮೂವತ್ತನಾಲ್ಕು, ಅದು ಇಪ್ಪತ್ತನಾಲ್ಕು. ಒಂದೊಂದು ತರಗತಿಯ ಫಲಿತಾಂಶವೂ ಮೋಸವಿಲ್ಲ. ಆದರೆ ನೂರರಲ್ಲಿ ಎಪ್ಪತ್ತಾರು ಮಂದಿ ಮಾಯ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೆಳಗಿನ ತರಗತಿಗೆ ಕಳುಹಿಸಲ್ಪಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಆ ಸಾಲನ್ನು ಮುಗಿಸಿದ್ದರು. ಫೇಲಾಗಿ ಬಿಟ್ಟವರಿಗಿಂತ ಮೊದಲ ತರಗತಿಗೋ ಮುಂದಿನದಕ್ಕೋ ಹೆಸರನ್ನೇ ಬರೆಸದೆ ಹೋದವರು ಹೆಚ್ಚು.

ನನ್ನ ತಂಗಿಯೂ ಅವರಲ್ಲಿ ಒಬ್ಬಳಾದಳು. ಪ್ರಾರಂಭಿಕ ಬೀಜಗಣಿತದಲ್ಲಿ ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಮುಂದಿನ ತರಗತಿ ಇದ್ದದ್ದು ಮಧ್ಯಾಹ್ನ. ಅದು ಅವಳ ಕೆಲಸದ ಹೊತ್ತು. ಮುಂದಿನ ಸಲ ನೋಡೋಣ ಎಂದಳು. ಅತ್ತೆಯವರಿಗೆ ಕಾಯಿಲೆಯಾಯಿತು, ಮಗನ ಕಾಲೇಜು ಬಂತು, ಮುಂದಿನ ಸಲ ಎಂಬುದು ನಾಲ್ಕು ವರ್ಷವಾಯಿತು. ಆ ಮೆಕ್ಸಿಕೋದ ತಾಯಿ ಆ ಸೆಮಿಸ್ಟರಿನ ನಡುವೆಯೇ ಬರುವುದನ್ನು ನಿಲ್ಲಿಸಿದ್ದಳಂತೆ. ಖಾಲಿ ಕುರ್ಚಿಯ ಬಗ್ಗೆ ತರಗತಿಯಲ್ಲಿ ಯಾರೂ ಮಾತಾಡಲಿಲ್ಲವಂತೆ.

ಈ ಒಳಬಾಗಿಲಿಗೆ ಅಮೆರಿಕದಲ್ಲಿ ಎರಡು ಬಗೆಯ ಉತ್ತರ ಬಂದಿದೆ. ಒಂದು ಬಾಬ್ ಮೋಸಸ್ ಅವರದು. ನ್ಯೂಯಾರ್ಕಿನಲ್ಲಿ ಗಣಿತದ ಮೇಷ್ಟರಾಗಿದ್ದ ಈ ಕಪ್ಪು ಮನುಷ್ಯ 1961ರಲ್ಲಿ ಮಿಸಿಸಿಪಿಗೆ ಹೋಗಿ, ಏಟು ತಿಂದು, ಜೈಲು ಕಂಡು, ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದರು. ಅಲ್ಲಿ ಸಂವಿಧಾನದ ಒಂದು ಭಾಗ ಓದಿ ಅಧಿಕಾರಿಗೆ ಒಪ್ಪಿಗೆಯಾಗುವಂತೆ ಅರ್ಥ ಹೇಳಿದರೆ ಮಾತ್ರ ಮತದ ಹಕ್ಕು. ಅದೂ ಪರೀಕ್ಷೆಯ ವೇಷದಲ್ಲಿದ್ದ ಬಾಗಿಲೇ. ಇಪ್ಪತ್ತು ವರ್ಷಗಳ ನಂತರ, 1982ರಲ್ಲಿ, ಮಗಳ ಶಾಲೆಯಲ್ಲಿ ಬೀಜಗಣಿತ ಕಲಿಸುತ್ತಾ ಅವರು ‘ಆಲ್ಜೀಬ್ರಾ ಪ್ರಾಜೆಕ್ಟ್’ ಆರಂಭಿಸಿದರು. ಈ ಕಾಲದಲ್ಲಿ ಬೀಜಗಣಿತ ಕಲಿಯುವುದು ನಾಗರಿಕ ಹಕ್ಕು, ಅದನ್ನು ಪ್ರತಿ ಬಡಮಗುವಿಗೂ ಕಲಿಸಿಯೇ ತೀರಬೇಕು ಎಂಬುದು 2021ರಲ್ಲಿ ತೀರಿಕೊಳ್ಳುವವರೆಗೂ ಅವರ ವಾದವಾಗಿತ್ತು.

ಇನ್ನೊಂದು ಉತ್ತರ: ಎಲ್ಲರಿಗೂ ಅದೇ ಗಣಿತ ಬೇಕೇ? 2013ರಲ್ಲಿ ನ್ಯೂಯಾರ್ಕ್ ನಗರದ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ, ಪ್ರಾರಂಭಿಕ ಬೀಜಗಣಿತ ಬೇಕೆಂದು ಪರೀಕ್ಷೆ ಹೇಳಿದ 900ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಬರೀ ಬೀಜಗಣಿತ ಓದಿದವರಲ್ಲಿ ಶೇಕಡಾ 39 ಮಂದಿ, ಅದರ ಜೊತೆ ವಾರಕ್ಕೊಮ್ಮೆ ನೆರವಿನ ಪಾಠ ಪಡೆದವರಲ್ಲಿ ಶೇಕಡಾ 45 ಮಂದಿ ಪಾಸಾದರು. ನೆರವಿನ ಪಾಠದೊಂದಿಗೆ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೇ ಕೂತವರಲ್ಲಿ ಪಾಸಾದವರು ಶೇಕಡಾ 56. ಕೆಳಗಿನ ತರಗತಿಗೇ ಯೋಗ್ಯರೆಂದು ಪರೀಕ್ಷೆ ತೀರ್ಮಾನಿಸಿದವರು ಮೇಲಿನ ತರಗತಿಯನ್ನು ಹೆಚ್ಚು ಸಂಖ್ಯೆಯಲ್ಲಿ ದಾಟಿಬಿಟ್ಟರು!

2017ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಬದಲಿಸಿತು. ಮಟ್ಟ ಅಳೆಯುವ ಆ ಪರೀಕ್ಷೆಯನ್ನು ಬದಿಗಿಟ್ಟು ಹೈಸ್ಕೂಲಿನ ದರ್ಜೆ ನೋಡಬೇಕು; ಒಂದು ವರ್ಷದೊಳಗೆ ಕಾಲೇಜು ಮಟ್ಟದ ಗಣಿತ ಮುಗಿಸುವ ಹಾದಿಯಲ್ಲಿ ವಿದ್ಯಾರ್ಥಿಯನ್ನು ಇರಿಸಬೇಕು. ಹೈಸ್ಕೂಲಿನ ದಾಖಲೆ ಸಿಗದವರು ಮಾರ್ಗದರ್ಶನ ಪಡೆದು ತಮ್ಮ ಮಟ್ಟವನ್ನು ತಾವೇ ಆರಿಸಿಕೊಳ್ಳಬಹುದು. 2019ರ ಶರತ್ಕಾಲದಿಂದ ಇದು ಪೂರ್ತಿ ಜಾರಿಗೆ ಬಂತು. ತಂಗಿ ಆಗ ಮತ್ತೆ ಹೋದಳು. ನೆರವಿನ ತರಗತಿಯೊಂದಿಗೆ ಸಂಖ್ಯಾಶಾಸ್ತ್ರ ಓದಿ ಮೊದಲ ಸಲಕ್ಕೇ ಮುಗಿಸಿದಳು. 2021ರಲ್ಲಿ, ಕೋವಿಡ್ಡಿನ ದಿನಗಳಾದ್ದರಿಂದ, ಪದವಿ ಪತ್ರ ಸಮಾರಂಭವಿಲ್ಲದೆ ಅಂಚೆಯಲ್ಲಿ ಬಂತು.

ಇಷ್ಟಕ್ಕೆ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಆ ಕಾನೂನಿನ ನಂತರ ಅನೇಕ ಕಾಲೇಜುಗಳಲ್ಲಿ ಪ್ರಾರಂಭಿಕ ಬೀಜಗಣಿತದ ತರಗತಿಗಳೇ ಮುಚ್ಚಿದವು. ನಿಧಾನವಾಗಿ ಮೊದಲಿನಿಂದ ಕಲಿಯಬೇಕೆನ್ನುವ ಅಜ್ಜಿಗೆ ಈಗ ಜಾಗವೆಲ್ಲಿ ಎಂದು ಅಲ್ಲಿಯ ಕೆಲವು ಅಧ್ಯಾಪಕರು ಕೇಳಿದ್ದಾರೆ. ಸರಿಯಾದ ಪ್ರಶ್ನೆಯೇ. ತಂಗಿಯನ್ನೇ ಕೇಳಿದೆ: ಬೀಜಗಣಿತದ ಆ ಎರಡು ಸೆಮಿಸ್ಟರು ವ್ಯರ್ಥವಾಯಿತೇ? ‘ಇಲ್ಲ ಅಕ್ಕಾ, ನನಗೆ ಲೆಕ್ಕ ಬರುತ್ತದೆ ಅಂತ ಗೊತ್ತಾದದ್ದೇ ಅಲ್ಲಿ. ಆದರೆ ಅದೇ ನನ್ನನ್ನು ನಾಲ್ಕು ವರ್ಷ ಮನೆಯಲ್ಲಿ ಕೂರಿಸಿತು’ ಎಂದಳು.

ಎರಡೂ ನಿಜ. ಕಲಿಸುವ ತರಗತಿ ಬೇರೆ, ಕಾವಲು ಕಾಯುವ ತರಗತಿ ಬೇರೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಅದೇ ಹಲಗೆ, ಅದೇ ಲೆಕ್ಕ. ಮಗಳೋ ಸೊಸೆಯೋ ಅಥವಾ ನೀವೇ ಓದನ್ನು ನಡುವೆ ಬಿಟ್ಟಿದ್ದರೆ, ‘ತಲೆಗೆ ಹತ್ತಲಿಲ್ಲ’ ಎಂದು ತೀರ್ಪು ಕೊಟ್ಟುಕೊಳ್ಳುವ ಮೊದಲು ಒಂದಿಷ್ಟು ಹಿಂದೆ ತಿರುಗಿ ನೋಡಿ. ಕೊನೆಯ ತರಗತಿ ಎಷ್ಟು ಗಂಟೆಗೆ ಇತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದವರು ಯಾರು, ಎಂದು ಕೇಳಿಕೊಳ್ಳಿ.