ತಾಳಮದ್ದಳೆ

ಕರಾವಳಿ, ಮಲೆನಾಡು ಹಾಗೂ ಕಾಸರಗೋಡು ಪ್ರದೇಶಗಳಲ್ಲಿ ಬೆಳೆದಿರುವ, ಯಕ್ಷಗಾನದ ಕೂತು ಆಡುವ ಪ್ರಕಾರ. ವೇಷ, ಬಣ್ಣ, ಕುಣಿತಗಳಿಲ್ಲ; ಭಾಗವತರು ಚೆಂಡೆ-ಮದ್ದಳೆಗಳ ಹಿಮ್ಮೇಳದೊಂದಿಗೆ ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಇದನ್ನು ವೇಷ ಕಟ್ಟಿ ಕುಣಿಯುವ ಬಯಲಾಟದ ಸಂಕ್ಷಿಪ್ತ ರೂಪವೆನ್ನುವುದುಂಟು, ಒಪ್ಪುವುದು ಕಷ್ಟ. ಆಟದಲ್ಲಿ ಕುಣಿತ ಹೊರುವ ಭಾರವನ್ನೂ ಇಲ್ಲಿ ಮಾತೇ ಹೊರಬೇಕು. ಒಂದೇ ಪದ್ಯದಿಂದ ಇಬ್ಬರು ಅರ್ಥಧಾರಿಗಳು ಎರಡು ಬೇರೆ ವಾಲಿಗಳನ್ನು ಕಟ್ಟಬಲ್ಲರು. ಬಾಣಕ್ಕೆ ಬಿದ್ದ ವಾಲಿ ಧರ್ಮದ ಪ್ರಶ್ನೆಯೆತ್ತಿ ರಾಮನನ್ನು ಇಕ್ಕಟ್ಟಿಗೆ ಸಿಲುಕಿಸುವುದನ್ನು ಕೇಳಲೆಂದೇ ಜನ ಸೇರುತ್ತಾರೆ. ವಾದದ ಹಟದಲ್ಲಿ ರಸ ಸೊರಗುತ್ತದೆಂಬ ಆಕ್ಷೇಪದಲ್ಲಿ ನಿಜವಿದೆ. ಆದರೂ ಆ ದೋಷವನ್ನು ಪ್ರಕಾರದ ಮೇಲೆ ಹೊರಿಸಲಾಗದು: ಶೇಣಿ ಗೋಪಾಲಕೃಷ್ಣ ಭಟ್ಟ (1918–2006), ಮಲ್ಪೆ ರಾಮದಾಸ ಸಾಮಗರಂಥ ಅರ್ಥಧಾರಿಗಳು ತರ್ಕವನ್ನೂ ಭಾವವನ್ನೂ ಒಟ್ಟಿಗೆ ನಡೆಸಿದರು. ಬರೆಯದೆ ಹುಟ್ಟುವ ಈ ಗದ್ಯಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ವತಂತ್ರ ಅಧ್ಯಾಯವೇ ಸಲ್ಲಬೇಕು.