ಬೊಂಬೆಗೂ ಕಾಫಿಗೂ ಊರ ಹೆಸರು

ಕಾಫಿ ಪುಡಿಯ ಬ್ರಾಂಡಿಗೆ ಟ್ರೇಡ್‌ಮಾರ್ಕ್ ಮಾಡಿಸಿದರೆ ಆ ಹೆಸರಿಗೆ ಮಾಲೀಕರಿರುತ್ತಾರೆ; ಬೇಕಾದರೆ ಅವರು ಅದನ್ನು ಮಾರಬಹುದು. ನಮ್ಮ ಚನ್ನಪಟ್ಟಣದ ಬೊಂಬೆಯ ಕಥೆ ಬೇರೆ.

ಆಲೆಮರ ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವ ಕಸುಬು ಇದು. ಟಿಪ್ಪು ಕಾಲದಲ್ಲಿ ಪರ್ಷಿಯಾದವರು ಬಂದು ಕಲಿಸಿದರು ಅಂತ ನಮ್ಮಲ್ಲಿ ಹೇಳುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಜಪಾನಿನ ವಿಧಾನ ತಂದರು. ಆಮೇಲೆ ಅಗ್ಗದ ಚೀನಾ ಆಟಿಕೆ ಬಂದು ಕಸುಬು ನಲುಗಿತು.

1999ರ ಭೌಗೋಳಿಕ ಸೂಚಕ ಕಾಯ್ದೆ ಜಾರಿಯಾದದ್ದು 2003ರಲ್ಲಿ. 2005-06ರಲ್ಲಿ ನಮ್ಮ ಬೊಂಬೆಗೆ ಜಿಐ ಸಿಕ್ಕಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ 2019ರಲ್ಲಿ. ಈ ಹೆಸರನ್ನು ಯಾರೂ ಮಾರುವಂತಿಲ್ಲ. ಆದರೆ ಬೊಂಬೆ ಕಡೆಯುವವರಿಗೆ ಹಕ್ಕು ತಾನಾಗಿ ಬರುವುದಿಲ್ಲ. ಪ್ರತಿಯೊಬ್ಬರೂ ಚೆನ್ನೈನ ಜಿಐ ಕಚೇರಿಯಲ್ಲಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು.